ಗುಂಡುಲಾಳ ಹ್ಯಾಂಬರ್ಗ್ ಪಟ್ಟಿ

ಗುಂಡುಲಾ ರೈಲ್ವೆಯ ವಿಚಾರಣೆ ಕೌಂಟರಿನಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತಳಾದವಳು. ಅಂಥವಳ ಕೈಗೆ ಪ್ರವಾಸದ ಏರ್ಪಾಡು ಒಪ್ಪಿಸಿದರೆ ಏನಾಗಬೇಕೋ ಅದೇ ಆಗಿತ್ತು. ಹ್ಯಾಂಬರ್ಗಿನಲ್ಲಿ ಕಳೆಯಬೇಕಾದ ಎರಡೂವರೆ ದಿನಕ್ಕೆ ಆರು ಪುಟದ ಪಟ್ಟಿ. ಶುಕ್ರವಾರ 11.42ಕ್ಕೆ ರೈಲಿನಿಂದ ಇಳಿಯುವುದು. 11.50ರವರೆಗೆ ಶೌಚ. 12.25ಕ್ಕೆ ಹೋಟೆಲು. 1.10ಕ್ಕೆ ಬಂದರುಕಟ್ಟೆಯ ಮೇಲೆ ನಿಂತು ಮೀನಿನ ಬನ್ನು ತಿನ್ನುವುದು. ಕಡಲಹಕ್ಕಿ ಬನ್ನು ಕಸಿದುಕೊಂಡು ಹೋದರೆ ಇನ್ನೊಂದನ್ನು ಕೊಳ್ಳುವುದಕ್ಕೆ ಐದು ನಿಮಿಷ ಬೇರೆ ಇಟ್ಟಿದ್ದಳು.

"ಉಸಿರಾಡೋದಕ್ಕೆ ಯಾವ ಪುಟದಲ್ಲಿ ಟೈಮ್ ಕೊಟ್ಟಿದೀಯ?" ಎಂದು ಹೆಡ್ವಿಗ್ ಕೇಳಿದಳು.

"ರೈಲಲ್ಲಿ ಉಸಿರಾಡು. ನಾಲ್ಕು ಗಂಟೆ ಇದೆಯಲ್ಲ."

ಅದು ಹೊರಡುವುದಕ್ಕೆ ಒಂದು ವಾರ ಮುಂಚಿನ ಗುರುವಾರದ ಸಂಜೆ. ಜೌವರ್‌ಲಾಂಟ್ ಬೆಟ್ಟಸೀಮೆಯ ಒಂದು ಚಿಕ್ಕ ಊರಿನಲ್ಲಿ, ಊಟದ ಮನೆಯೊಂದರ ನೆಲಮಾಳಿಗೆಯಲ್ಲಿ, 'ನೆಟ್ಟಗೆ ಒಂಬತ್ತು' ಸಂಘದ ನಾಲ್ವರು ಹೆಂಗಸರೂ ಸೇರಿದ್ದರು. ಮರದ ಉದ್ದ ಹಾದಿಯ ಮೇಲೆ ಚೆಂಡು ಉರುಳಿಸಿ ಕೊನೆಯಲ್ಲಿ ನಿಂತ ಒಂಬತ್ತು ಗೂಟಗಳನ್ನು ಬೀಳಿಸುವ ಸಂಘ ಅದು. ಶುರುವಾದಾಗ ಹನ್ನೊಂದು ಜನ ಇದ್ದರು. ಮಂಡಿನೋವು, ಮೊಮ್ಮಕ್ಕಳು, ಸಾವು, ಒಂದು ಜಗಳ ಎಲ್ಲಾ ಸೇರಿ ಈಗ ನಾಲ್ವರು ಉಳಿದಿದ್ದರು: ಗುಂಡುಲಾ, ಮಾಂಸದಂಗಡಿಯ ಹೆಡ್ವಿಗ್, ಅರವತ್ತು ದಾಟದ ಕಾರಣಕ್ಕೆ ಇನ್ನೂ 'ಹುಡುಗಿ' ಎನಿಸಿಕೊಳ್ಳುವ ಡೋರ್ಟೆ, ಮತ್ತು ರೋಸ್ವಿಟಾ. ರೋಸ್ವಿಟಾಳ ಕೊರಳಲ್ಲಿ ದಾರಕ್ಕೆ ಕಟ್ಟಿದ ರಬ್ಬರು ಪಂಪೊಂದು ತೂಗುತ್ತಿತ್ತು. ಬಚ್ಚಲು ಕಟ್ಟಿಕೊಂಡಾಗ ಒತ್ತುವ ಪಂಪು. ಹಿಂದಿನ ಸಲ ಯಾರ ಚೆಂಡು ಅತಿ ಹೆಚ್ಚು ಸಲ ಹಾದಿಯ ಪಕ್ಕದ ಗಟಾರಕ್ಕೆ ಬಿತ್ತೋ ಅವರು ಅದನ್ನು ಧರಿಸಬೇಕು. ಅದು ರೋಸ್ವಿಟಾಳ ಕೊರಳು ಸೇರಿ ಎಷ್ಟು ಕಾಲವಾಯಿತೋ ಅವಳಿಗೇ ನೆನಪಿಲ್ಲ.

ಗುಂಡುಲಾಳ ಪಟ್ಟಿಯಲ್ಲಿ ಒಂದೇ ಒಂದು ಕಡೆ ಜಾಗ ಖಾಲಿಯಿತ್ತು. ಶನಿವಾರ ಮಧ್ಯಾಹ್ನ ಎರಡರಿಂದ ಆರು. ಮರೆತು ಬಿಟ್ಟದ್ದಲ್ಲ, ಸಂಘದ ಪದ್ಧತಿ ಅದು. ಪ್ರತಿ ಪ್ರವಾಸದಲ್ಲೂ ಒಂದು ಹೊತ್ತನ್ನು ಖಾಲಿ ಬಿಡಬೇಕು, ಪಟ್ಟಿ ಓದುವ ಸಂಜೆಯ ಆಟದಲ್ಲಿ ಗೆದ್ದವಳು ಆ ಹೊತ್ತಿನ ಒಡತಿ. ಅವಳು ಹೇಳಿದ ಕಡೆಗೆ ಉಳಿದವರೆಲ್ಲ ಗೊಣಗದೆ ಹೋಗಬೇಕು. ಎರಡು ವರ್ಷದ ಹಿಂದೆ ಗೆದ್ದ ಡೋರ್ಟೆ ಮೂವರನ್ನೂ ಒಂದು ಗುಂಡಿ ಅಂಗಡಿಗೆ ಕರೆದೊಯ್ದು, ಕೋಟಿಗೆ ಒಪ್ಪುವ ಆರು ಗುಂಡಿ ಆರಿಸಲು ಮೂರು ಗಂಟೆ ನಿಲ್ಲಿಸಿದ್ದಳು. ಯಾರೂ ಗೊಣಗಲಿಲ್ಲ. ಆಮೇಲೆ ಎರಡು ವರ್ಷ ಅದನ್ನೇ ಹೇಳಿ ಹಂಗಿಸಿದರು ಅಷ್ಟೆ.

ಆ ನಾಲ್ಕು ಗಂಟೆ ರೋಸ್ವಿಟಾಳಿಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಮುಂದೆ ಇಟ್ಟಿದ್ದ ಹುರಿದ ಆಲೂಗಡ್ಡೆಯನ್ನು ಅವಳು ಮುಟ್ಟಿರಲಿಲ್ಲ.

ಫೋನಿನಲ್ಲಿ ಒಂದು ಸಂದೇಶ ಇತ್ತು. ಮಗಳು ಸ್ವೆನ್ಯಾ ಕಳಿಸಿದ್ದು. 'ಹದಿನಾಲ್ಕು, ಶನಿವಾರ, ಸಂಜೆ ನಾಲ್ಕರ ಹೊತ್ತಿಗೆ ಎಲ್ಬೆ ನದಿಯಲ್ಲಿ ವೇಡೆಲ್ ದಾಟುತ್ತೇವೆ. ಭಾನುವಾರ ವಾಪಸ್.' ಅಷ್ಟೇ. ಹ್ಯಾಂಬರ್ಗಿಗೆ ಸ್ವಲ್ಪ ಮುಂಚೆ ಸಿಗುವ ದಡದ ಊರು ವೇಡೆಲ್. ಸ್ವೆನ್ಯಾ ಸರಕು ಹಡಗಿನಲ್ಲಿ ಎರಡನೇ ಅಧಿಕಾರಿ. ಅವಳು ಸಮುದ್ರಕ್ಕೆ ಹೋಗುತ್ತೇನೆಂದ ದಿನ ರೋಸ್ವಿಟಾ ಮಾಡಿದ ರಂಪ ಇಷ್ಟಿಷ್ಟಲ್ಲ. ನಮ್ಮ ಕಡೆ ಕೆರೆ ಕಂಡರೆ ಅದೇ ಹೆಚ್ಚು, ನೀನು ಕಬ್ಬಿಣದ ಡಬ್ಬದ ಮೇಲೆ ಕೂತು ಬದುಕು ಕಳೀತೀಯಾ ಎಂದಿದ್ದಳು. ಹೋಗುವುದಾದರೆ ನನಗೆ ಮಗಳೇ ಇಲ್ಲ ಎಂದೂ ಒಂದು ಮಾತು ಬಾಯಿ ಜಾರಿತ್ತು. ಸ್ವೆನ್ಯಾ ಹೋದಳು. ಆಮೇಲೆ ಮಾತು ನಿಲ್ಲಲಿಲ್ಲ, ಹಾಗಂತ ಬೆಳೆಯಲೂ ಇಲ್ಲ. ಹಬ್ಬಕ್ಕೆ ಶುಭಾಶಯ, ಹಡಗು ಬರುವಾಗ ಒಂದು ಸಾಲು, ಇವಳಿಂದ ಅದಕ್ಕೆ 'ಜೋಪಾನ' ಎಂಬ ಒಂದು ಪದ.

ಸರಿ, ಹೋಗಿ ನದಿಯ ದಡದಲ್ಲಿ ನಿಂತು ಕೈ ಬೀಸಿದರಾಯಿತು, ಅದಕ್ಕೇನು ಕಷ್ಟ? ಕಷ್ಟ ಇದ್ದದ್ದು ಇಲ್ಲೇ, ಈ ಮೇಜಿನ ಸುತ್ತ. ಮೂರು ವರ್ಷದ ಹಿಂದೆ, ಮಗಳು ಏನು ಮಾಡ್ತಿದ್ದಾಳೆಂದು ಗೆಳತಿಯರು ಕೇಳಿದಾಗ, ಸಿಟ್ಟೂ ನಾಚಿಕೆಯೂ ಒಟ್ಟಿಗೆ ನುಗ್ಗಿ ರೋಸ್ವಿಟಾ "ಬ್ರೆಮೆನ್‌ನಲ್ಲಿ, ಒಂದು ಆಫೀಸಲ್ಲಿ" ಎಂದುಬಿಟ್ಟಿದ್ದಳು. ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ವರ್ಷ ಕಳೆದಂತೆ ಆ ಆಫೀಸಿಗೆ ನಾಲ್ಕನೇ ಮಹಡಿ ಬಂತು, ಕಿಟಕಿ ಪಕ್ಕದ ಮೇಜು ಬಂತು, ಸದಾ ಕೆಟ್ಟಿರುವ ಲಿಫ್ಟು ಬಂತು. ಮೇಜಿನ ಮೇಲೊಂದು ಕುಂಡದ ಗಿಡ ಕೂಡ ಬಂತು, ಅದಕ್ಕೆ ಹುಳ ಬಿದ್ದಾಗ ಡೋರ್ಟೆ ಔಷಧಿ ಹೇಳಿದಳು.

ಒಬ್ಬಳೇ ತಪ್ಪಿಸಿಕೊಂಡು ಹೋಗೋಣವೆಂದರೆ, ತಲೆನೋವು ಎಂದ ಕ್ಷಣವೇ ಹೆಡ್ವಿಗ್ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ಪೈಕಿ. ಹಾಗಾಗಿ ರೋಸ್ವಿಟಾ ಎರಡು ವಾರದಿಂದ ಒಂದು ಉಪಾಯ ಹೂಡಿದ್ದಳು. ಯಾರಿಗೂ ಏನೂ ಹೇಳುವುದು ಬೇಡ. ಎಲ್ಲರನ್ನೂ ವೇಡೆಲ್‌ಗೆ ಕರೆದುಕೊಂಡು ಹೋಗಿ, ಕಾಫಿ ಕುಡಿಯುತ್ತಾ ಕೂತು, ಹಡಗು ದಾಟುವಾಗ ಕಣ್ಣು ತುಂಬ ನೋಡಿ ಬಂದುಬಿಡುವುದು. ಮಗಳಿಗೂ ತಿಳಿಯಬೇಕಿಲ್ಲ.

"ಖಾಲಿ ಹೊತ್ತಿಗೆ ಯಾರ್ಯಾರಿಗೆ ಏನೇನು ಬೇಕು, ಹೇಳಿ," ಎಂದಳು ಗುಂಡುಲಾ.

ಡೋರ್ಟೆಗೆ ಆಟಿಕೆ ರೈಲುಗಳ ಪ್ರದರ್ಶನ ಬೇಕಿತ್ತು. ಗುಂಡುಲಾಳಿಗೆ ಹಳೆಯ ಗೋದಾಮುಗಳ ನಡುವೆ ಕಾಲುವೆ ದೋಣಿ. ಹೆಡ್ವಿಗ್‌ಗೆ ಒಂದು ಹೋಟೆಲಿನಲ್ಲಿ ಎರಡಕ್ಕೆ ಕೂತು ಆರಕ್ಕೆ ಏಳುವುದು ಬೇಕಿತ್ತು, ನಡುವೆ ಏನೇನು ತಿನ್ನಬೇಕೆಂದು ಬರೆದುಕೊಂಡೂ ಬಂದಿದ್ದಳು.

"ನಂಗೆ ವೇಡೆಲ್," ಎಂದಳು ರೋಸ್ವಿಟಾ. "ನದೀ ದಡ. ದೊಡ್ಡ ಹಡಗು ಹೋಗ್ತವಲ್ಲ, ಅಲ್ಲಿ ಬಾವುಟ ಇಳಿಸಿ, ಆಯಾ ದೇಶದ ಹಾಡು ಹಾಕಿ ಸ್ವಾಗತ ಮಾಡ್ತಾರಂತೆ. ನೋಡ್ತಾ ಕೂತ್ಕೊಳ್ಳೋಣ."

"ಬಂದರಲ್ಲಿ ಹಡಗು ಇರಲ್ವೇನೇ?" ಎಂದಳು ಹೆಡ್ವಿಗ್. "ಹಡಗು ನೋಡೋಕೆ ಊರು ಬಿಟ್ಟು ಹೋಗ್ಬೇಕಾ? ಮದುವೆ ಮನೆಯಿಂದ ಎದ್ದು ಹೋಗಿ ಬೀದೀಲಿ ಊಟ ಹುಡುಕಿದ ಹಾಗಾಯ್ತು."

"ಅಲ್ಲಿ ನಿಂತಿರ್ತವೆ. ವೇಡೆಲಲ್ಲಿ ಓಡಾಡ್ತವೆ."

"ನಿಂಗ್ಯಾವಾಗಿಂದ ಹಡಗಿನ ಹುಚ್ಚು ಹಿಡೀತು ಮಾರಾಯ್ತಿ? ಹೋದ ಸಲ ಕೆರೆ ದೋಣೀಲಿ ಕಣ್ಣು ಮುಚ್ಕೊಂಡು ಕೂತಿದ್ದೆ!" ಎಂದು ಡೋರ್ಟೆ ನಕ್ಕಳು.

"ಚೆಂಡು ಹೇಳ್ಲಿ," ಎಂದು ಗುಂಡುಲಾ ತೀರ್ಪು ಕೊಟ್ಟಳು. "ಒಬ್ಬೊಬ್ರಿಗೆ ಹತ್ತು ಎಸೆತ. ಬನ್ನಿ."

ರೋಸ್ವಿಟಾ ಅವತ್ತು ಆಡಿದ ಹಾಗೆ ಜನ್ಮದಲ್ಲಿ ಆಡಿರಲಿಲ್ಲ. ಕೊರಳ ಪಂಪನ್ನು ಬೆನ್ನ ಹಿಂದಕ್ಕೆ ತಳ್ಳಿ, ನಾಲಗೆ ಕಚ್ಚಿಕೊಂಡು, ಬಗ್ಗಿ, ಮೆತ್ತಗೆ ಬಿಟ್ಟಳು. ಆರು ಗೂಟ. ಏಳು. ಮತ್ತೆ ಏಳು. ಡೋರ್ಟೆ ಬಾಯಿ ತೆರೆದಳು. ಒಂಬತ್ತು ಎಸೆತ ಮುಗಿಯುವಾಗ ಗುಂಡುಲಾ ಹಿಂದೆ ಬಿದ್ದಿದ್ದಳು, ಡೋರ್ಟೆಯಂತೂ ಲೆಕ್ಕದಲ್ಲೇ ಇರಲಿಲ್ಲ. ಮುಂದಿದ್ದವಳು ಹೆಡ್ವಿಗ್ ಒಬ್ಬಳೇ, ಅವಳ ಹತ್ತೂ ಎಸೆತ ಮುಗಿದಿತ್ತು. ಕೊನೆಯ ಚೆಂಡಿನಲ್ಲಿ ಐದು ಗೂಟ ಬಿದ್ದರೆ ಶನಿವಾರ ರೋಸ್ವಿಟಾಳದು.

ಅವಳಿಗೆ ಗೂಟ ಕಾಣಲಿಲ್ಲ. ಬಿಳಿಯ ಸಮವಸ್ತ್ರ ಹಾಕಿ ಎತ್ತರದಲ್ಲಿ ನಿಂತ ಮಗಳು ಕಂಡಳು. ಹಾಗೇ ಬಿಟ್ಟಳು. ಚೆಂಡು ಅರ್ಧ ಹಾದಿಯವರೆಗೆ ನೆಟ್ಟಗೆ ಹೋಗಿ, ಅಲ್ಲಿ ಏನೋ ನೆನಪಾದ ಹಾಗೆ ಬಲಕ್ಕೆ ತಿರುಗಿ ಗಟಾರ ಸೇರಿತು.

"ನಾಲ್ಕು ಗಂಟೆ ಊಟ!" ಎಂದು ಹೆಡ್ವಿಗ್ ಎರಡು ಕೈ ಎತ್ತಿ ಕುಣಿದಳು. "ಪಟ್ಟೀಲಿ ಬರ್ಕೊಳ್ಳೇ ಗುಂಡುಲಾ. ಎರಡು ಗಂಟೆ, ಮೀನಿನ ಸಾರು."

ಗುಂಡುಲಾ ಪೆನ್ನಿನ ಮುಚ್ಚಳ ತೆಗೆದಳು. ರೋಸ್ವಿಟಾಳಿಗೆ ತಡೆಯಲಾಗಲಿಲ್ಲ.

"ಬ್ರೆಮೆನ್ ಆಫೀಸು ಇಲ್ಲ," ಎಂದಳು.

ಮೂವರೂ ಅವಳತ್ತ ನೋಡಿದರು. "ಮುಚ್ಚಿಬಿಟ್ರಾ? ಸ್ವೆನ್ಯಾ ಕೆಲಸ ಹೋಯ್ತಾ?" ಎಂದಳು ಡೋರ್ಟೆ.

"ಯಾವತ್ತೂ ಇರ್ಲೇ ಇಲ್ಲ. ಅವಳು ಹಡಗಲ್ಲಿದ್ದಾಳೆ. ಮೂರು ವರ್ಷದಿಂದ. ಶನಿವಾರ ನಾಲ್ಕಕ್ಕೆ ವೇಡೆಲ್ ದಾಟ್ತಾಳೆ. ನಾನು ನಿಮ್ಗೆಲ್ಲ ಸುಳ್ಳು ಹೇಳ್ದೆ."

"ಆ ಗಿಡ?"

"ಗಿಡಾನೂ ಇಲ್ಲ ಡೋರ್ಟೆ."

"ಅವಳ ಆಫೀಸ್ ಕುರ್ಚಿಗೆ ಅಂತ ನಾನು ದಿಂಬು ಹೊಲ್ದು ಕೊಟ್ನಲ್ಲೇ!" ಎಂದಳು ಹೆಡ್ವಿಗ್. "ನವಿಲು ಬಣ್ಣದ್ದು! ಅದೆಲ್ಲಿ?"

"ನನ್ನ ಬೀರುವಿನಲ್ಲಿದೆ."

ಹೆಡ್ವಿಗ್ ಕುಸಿದು ಕೂತಳು. ಅವಳ ಮುಖ ಕೆಂಪಾಗಿತ್ತು. "ಹಡಗಲ್ಲಿದ್ದಾಳೆ ಅಂದಿದ್ರೆ ಕಾಲುಚೀಲ ಹೆಣೀತಿದ್ದೆ," ಎಂದಳು. "ಪಾಪದ ಹುಡುಗಿ ಮೂರು ವರ್ಷ ಚಳೀಲಿ... ಛೆ! ನಿಂಗೆ ಬೈಬೇಕು ಅನ್ನಿಸ್ತಿದೆ, ಆದ್ರೆ ಎಲ್ಲಿಂದ ಶುರು ಮಾಡ್ಲಿ ಗೊತ್ತಾಗ್ತಿಲ್ಲ."

"ಆಮೇಲೆ ಬಯ್ಯಿ," ಎಂದಳು ಗುಂಡುಲಾ. "ಗೆದ್ದವಳು ನೀನು. ಊಟಾನೋ ವೇಡೆಲ್ಲೋ, ಅದನ್ನ ಹೇಳು."

"ಇದನ್ನ ಬೇರೆ ಕೇಳ್ತೀಯ? ನನ್ನನ್ನೇನು ರಾಕ್ಷಸಿ ಅಂದ್ಕೊಂಡಿದೀಯಾ? ವೇಡೆಲ್ ಅಂತ ಬರಿ! ಅಲ್ಲಿ ಕೇಕ್ ಸಿಗುತ್ತೆ ತಾನೆ?"

ರೋಸ್ವಿಟಾ ಅಳಬೇಕೆಂದಿದ್ದಳು, ಗುಂಡುಲಾ ಅದಕ್ಕೆ ಸಮಯ ಕೊಡಲಿಲ್ಲ. ಹೊಸ ಹಾಳೆ ತೆಗೆದು, ಕೌಂಟರಿನ ಹಿಂದೆ ಕೂತವಳ ಹಾಗೆ ಕನ್ನಡಕ ಏರಿಸಿದಳು.

"ಹಡಗಿನ ಹೆಸರು?"

ರೋಸ್ವಿಟಾ ಫೋನಿನ ಸಂದೇಶವನ್ನು ಮತ್ತೊಮ್ಮೆ ತೆರೆದು ನೋಡಿದಳು, ಅದರಲ್ಲಿ ಹೆಸರಿರಲಿಲ್ಲ.

"ಬಣ್ಣ? ಯಾವ ದೇಶದ ಬಾವುಟ? ಅವಳು ಎಲ್ಲಿ ನಿಂತಿರ್ತಾಳೆ? ಮುಂದೇನಾ, ಹಿಂದೇನಾ?"

"ಗೊತ್ತಿಲ್ಲ."

"ಮೂರು ವರ್ಷದಿಂದ ಮಗಳು ಇರೋ ಹಡಗಿನ ಹೆಸರು ಗೊತ್ತಿಲ್ವಾ?"

ಗುಂಡುಲಾ ಅದನ್ನು ಚುಚ್ಚಲೆಂದು ಕೇಳಲಿಲ್ಲ, ನಮೂನೆ ತುಂಬಲೆಂದು ಕೇಳಿದಳು. ಅದಕ್ಕೇ ಅದು ಜೋರಾಗಿ ಚುಚ್ಚಿತು. ಯಾರು ಯಾರನ್ನು ದೂರ ಇಟ್ಟರು ಎಂಬುದು ರೋಸ್ವಿಟಾಳಿಗೆ ಆಗ ಸರಿಯಾಗಿ ಕಂಡಿತು.

"ಹಡಗಿನ ಹೆಸರಿಲ್ದೆ ನಾನು ಪಟ್ಟಿ ಮಾಡಲ್ಲ," ಎಂದಳು ಗುಂಡುಲಾ. "ಫೋನ್ ಮಾಡು. ಈಗ."

"ಅವಳು ಎಲ್ಲಿದ್ದಾಳೋ, ಏನ್ ಮಾಡ್ತಿದ್ದಾಳೋ..."

"ಸಿಗದಿದ್ರೆ ಸಿಗಲ್ಲ. ಮಾಡು."

ರೋಸ್ವಿಟಾ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು. ಮೂರು ಸಲ ರಿಂಗಾಗುವಷ್ಟರಲ್ಲೇ ಸ್ವೆನ್ಯಾ ಎತ್ತಿದಳು. ಹಿಂದಿನಿಂದ ಎಂಜಿನ್ನಿನ ಗುಯ್‌ಗುಡುವ ಸದ್ದು. "ಅಮ್ಮ? ಏನಾಯ್ತು? ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ರೂ ಚೆನ್ನಾಗಿದ್ದಾರೆ. ಗುಂಡುಲಾಗೆ ನಿನ್ನ ಹಡಗಿನ ಹೆಸರು ಬೇಕಂತೆ."

"ಗುಂಡುಲಾ ಆಂಟಿಗಾ? ಯಾಕೆ?"

"ನಾವು ಬರ್ತಿದೀವಿ. ಹದಿನಾಲ್ಕಕ್ಕೆ. ವೇಡೆಲ್‌ಗೆ. ನಿನ್ನ ನೋಡೋಕೆ."

ಸ್ವೆನ್ಯಾ, "ಇದು ಏಳನೇ ಸಲ ಗೊತ್ತಾ," ಎಂದಳು. "ಹ್ಯಾಂಬರ್ಗಿಗೆ ಬಂದಾಗೆಲ್ಲ ನಿಂಗೆ ಬರೀತೀನಿ. ದಿನ, ಹೊತ್ತು, ಜಾಗ. ಪ್ರತಿ ಸಲ ಆ ದಡ ಬಂದಾಗ ದುರ್ಬೀನು ತಗೊಂಡು ನೋಡ್ತೀನಿ. ಕ್ಯಾಪ್ಟನ್ ಕೇಳ್ತಾರೆ, ಯಾರನ್ನ ಹುಡುಕ್ತಿದೀಯಾ ಅಂತ."

"ನೀನು ಸುಮ್ನೆ ವಿಷಯ ತಿಳಿಸ್ತಿದೀಯ ಅಂದ್ಕೊಂಡಿದ್ದೆ ಕಣೇ. ನೀನು ಬಾ ಅಂತ ಬರೀಲಿಲ್ವಲ್ಲ."

"ನೀನು ಬರ್ತೀನಿ ಅಂತಾನೂ ಬರೀಲಿಲ್ಲ."

ತಾಯಿ ಮಗಳು ಒಂದೇ ಅಚ್ಚು. ರೋಸ್ವಿಟಾ ಕಣ್ಣೊರೆಸಿಕೊಂಡಳು. "ತಪ್ಪಾಯ್ತು," ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದು ಕೇಳಿ ಹೆಡ್ವಿಗ್ ಎದೆ ಮುಟ್ಟಿಕೊಂಡಳು. "ನೀನು ಎಲ್ಲಿ ನಿಂತಿರ್ತೀಯ, ಹೇಳು. ಎಲ್ಲಿಗೆ ಕೈ ಬೀಸ್ಲಿ?"

"ಮೇಲ್ಗಡೆ, ಚುಕ್ಕಾಣಿ ಕೋಣೇಲಿ. ಕೆಲಸದಲ್ಲಿರ್ತೀನಿ, ಆದ್ರೂ ಎಡಗಡೆ ಬಾಗಿಲಿಗೆ ಒಂದು ನಿಮಿಷ ಬರ್ತೀನಿ." ಸ್ವೆನ್ಯಾಳ ದನಿ ಹಗುರಾಗಿತ್ತು. ಹಡಗಿನ ಹೆಸರು ಹೇಳಿದಳು, ನೀಲಿ ಬಣ್ಣ ಎಂದಳು, ಬಾವುಟ ಹೇಳಿದಳು. ಗುಂಡುಲಾ ಬರೆದುಕೊಂಡಳು. "ಆದ್ರೆ ಅಮ್ಮ, ನಾಲ್ಕು ಗಂಟೆ ಅಂತ ನಂಬ್ಕೋಬೇಡಿ. ಉಬ್ಬರ ನೋಡ್ಕೊಂಡು, ನದೀಲಿ ದಾರಿ ತೋರಿಸೋ ಪೈಲಟ್ ಹಡಗು ಹತ್ತಿದ ಮೇಲೆ ಹೊರಡೋದು. ಮೂರು ಗಂಟೆ ಹಿಂದೂ ಆಗ್ಬಹುದು, ಮುಂದೂ ಆಗ್ಬಹುದು."

ಗುಂಡುಲಾಳ ಪೆನ್ನು ನಿಂತಿತು. "ಮೂರು ಗಂಟೆ ಹಿಂದೆ ಮುಂದೆ?" ಎಂದಳು. ರೈಲು ಹಾಗೆ ಮಾಡಿದ್ದರೆ ಅವಳು ರಾಜೀನಾಮೆ ಕೊಟ್ಟಿರುತ್ತಿದ್ದಳೇನೋ. "ಏಳೂವರೆಗೆ ಸಂಗೀತ ನಾಟಕ ಇದೆಯಲ್ಲ. ಟಿಕೆಟ್ ತಗೊಂಡಾಗಿದೆ. ಹಡಗು ಏಳಕ್ಕೆ ಬಂದ್ರೆ?"

"ನೀವು ಮೂವರು ನಾಟಕಕ್ಕೆ ಹೋಗಿ," ಎಂದಳು ರೋಸ್ವಿಟಾ. "ನಾನು ಅಲ್ಲೇ ಇರ್ತೀನಿ."

"ಸಂಘ ಒಟ್ಟಿಗೆ ಹೋಗುತ್ತೆ, ಒಟ್ಟಿಗೆ ಬರುತ್ತೆ," ಎಂದು ಹೆಡ್ವಿಗ್ ಮೇಜು ಕುಟ್ಟಿದಳು. "ನಾಟಕದವರಿಗೆ ಹಾಡು ಬಾಯಿಪಾಠ ಬಂದಿರುತ್ತೆ. ನಾವಿಲ್ದೆನೂ ಹಾಡ್ಕೋತಾರೆ."

"ಹಾಗಾದ್ರೆ ಏನಂತ ಬರೀಲಿ?" ಗುಂಡುಲಾಳ ದನಿಯಲ್ಲಿ ನಿಜವಾದ ಸಂಕಟ ಇತ್ತು.

"ಹನ್ನೆರಡರಿಂದ ಅಂತ ಬರಿ," ಎಂದಳು ರೋಸ್ವಿಟಾ.

"ಎಷ್ಟರವರೆಗೆ?"

"ಅವಳು ಬರೋವರೆಗೆ."

ಗುಂಡುಲಾ ಶನಿವಾರದ ಪುಟದಲ್ಲಿ ಎರಡು ಗಂಟೆಯಿಂದಲ್ಲ, ಹನ್ನೆರಡರಿಂದ ಕೆಳಗಿದ್ದ ಅಷ್ಟೂ ಸಾಲುಗಳ ಮೇಲೆ ಗೀಟು ಎಳೆದು, ತನ್ನ ದುಂಡು ಅಕ್ಷರದಲ್ಲಿ '12.00: ಕಾಯುವುದು' ಎಂದು ಬರೆದಳು. ಮುಗಿಯುವ ಹೊತ್ತು ಬರೆಯುವ ಕಡೆ ಏನನ್ನೂ ಬರೆಯಲಿಲ್ಲ.