ಕತ್ತರಿಸುವಂತಿಲ್ಲ

ಆ ಶಾಲೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಬೇಕೆಂದರೂ ಸುತ್ತೋಲೆ ಹೊರಡುತ್ತಿತ್ತು. ಹಾಗಾಗಿ ಮುಖ್ಯೋಪಾಧ್ಯಾಯರಿಗೆ ಸುತ್ತೋಲೆ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡು, ಅವರ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹೋದ ವರ್ಷ ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಯಾರದೋ ಆನೆಯ ಫೋಟೋವನ್ನು ಕೇಳದೆ ಹಾಕಿ, ವಕೀಲರ ಕಾಗದ ಬಂದು, ಮೇಷ್ಟ್ರು ಮೂರು ಪುಟ ಕ್ಷಮಾಪಣೆ ಬರೆಯಬೇಕಾಯಿತು. ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಮರುವಾರವೇ ಸುತ್ತೋಲೆ: ‘ಪಾಠದಲ್ಲಿ ತೋರಿಸುವ ಪ್ರತಿ ಚಿತ್ರದ ಕೆಳಗೆ ತೆಗೆದವರು ಯಾರು, ಎಲ್ಲಿಂದ ತಂದದ್ದು, ಯಾವ ಷರತ್ತಿನ ಮೇಲೆ ಎಂದು ನಮೂದಿಸತಕ್ಕದ್ದು. ಷರತ್ತುಗಳನ್ನು ಅಕ್ಷರಶಃ ಪಾಲಿಸತಕ್ಕದ್ದು.’

ಶನಿವಾರ ಮಧ್ಯಾಹ್ನ ನಾಲ್ಕನೇ ಕ್ಲಾಸಿನ ಹಂಗಾಮಿ ಟೀಚರು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದು ಅಂಥ ಚಿತ್ರಗಳ ಬೇಟೆಗೆ ಕೂತಿದ್ದಳು. ಸೋಮವಾರ ಶಿಕ್ಷಣ ಇಲಾಖೆಯ ಸಾಹೇಬರು ಬಂದು ಅವಳ ಪಾಠ ನೋಡುವವರಿದ್ದರು. ಅವರು ತಲೆಯಾಡಿಸಿದರೆ ಬರುವ ವರ್ಷವೂ ಕೆಲಸ, ಇಲ್ಲದಿದ್ದರೆ ಮನೆ. ಪಾಠದ ಹೆಸರು ‘ನಮ್ಮ ಭಾವನೆಗಳು’.

ಪುಕ್ಕಟೆ ಚಿತ್ರಗಳ ತಾಣದಲ್ಲಿ ಸಂತೋಷಕ್ಕೆ ಬರವಿರಲಿಲ್ಲ. ಅಲ್ಲಿ ಎಲ್ಲರಿಗೂ ಮೂವತ್ತೆರಡು ಹಲ್ಲು, ಒಂದೂ ಹುಳುಕಿಲ್ಲ. ದುಃಖದವರೆಲ್ಲ ಕಿಟಕಿಯ ಪಕ್ಕ ಕೂತಿದ್ದರು, ಒಬ್ಬರ ಕಣ್ಣಲ್ಲೂ ನೀರಿಲ್ಲ. ನಿಜವೆನ್ನಿಸುವ ಚಿತ್ರ ಕಂಡರೆ ಕೆಳಗೆ ‘ಅನುಮತಿ ಪಡೆಯಿರಿ’ ಎಂಬ ಮುಳ್ಳುಬೇಲಿ. ಕೊನೆಗೆ ‘ಕೋಪ’ ಎಂದು ಹುಡುಕಿದಾಗ ಒಂದು ಮುಖ ಸಿಕ್ಕಿತು: ಬಾಯಿ ಇಷ್ಟಗಲ, ಹುಬ್ಬು ಗಂಟು, ಕತ್ತಿನ ನರ ಹಗ್ಗದಷ್ಟು ದಪ್ಪ. ಕೆಳಗೆ, ‘ಸಿಟ್ಟಿನ ಹೆಂಗಸು. ಯಾರು ಬೇಕಾದರೂ, ಯಾವುದಕ್ಕೆ ಬೇಕಾದರೂ, ಹೇಗೆ ಬೇಕಾದರೂ ಬಳಸಬಹುದು.’

ನಿಧಿ ಸಿಕ್ಕಷ್ಟು ಖುಷಿಯಾಯಿತು. ಆಮೇಲೆ ಎಡಗೆನ್ನೆಯ ಮಚ್ಚೆ ಕಂಡಿತು. ಅವಳು ಮೆಲ್ಲಗೆ ತಲೆಯೆತ್ತಿದಳು. ಅದೇ ಮಚ್ಚೆ ಎದುರಿಗೆ ನಿಂತು ಟೀ ಸೋಸುತ್ತಿತ್ತು.

“ಅತ್ತೆ, ನಿಮ್ಮ ಫೋಟೋ ಯಾರಾದ್ರೂ ತೆಗ್ದಿದ್ರಾ? ವಯಸ್ಸಲ್ಲಿದ್ದಾಗ?”

“ಮದುವೇಲಿ ತೆಗ್ದಿದ್ರು. ಕಣ್ಣು ಮುಚ್ಕೊಂಡಿದ್ದೆ. ಮದುವೆ ಆದ್ಮೇಲೇ ತೆರ್ದಿದ್ದು.”

“ಇಲ್ಲಿ ಬನ್ನಿ ಒಂಚೂರು.”

ಅತ್ತೆ ಇಪ್ಪತ್ತಾರು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಟೇಬಲ್ಲಿನ ಮುಂದೆ ನಿಂತವರು. ಯಾವುದನ್ನು ನೋಡಿದರೂ ಮೊದಲು ಅಂಚು ನೋಡುವ ಕಣ್ಣು ಅವರದು. ಕನ್ನಡಕ ಏರಿಸಿ ಪರದೆಗೆ ಬಗ್ಗಿದರು. ಕೈಯಲ್ಲಿದ್ದ ಜರಡಿ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.

“ಯಾವ ಮುಠ್ಠಾಳ ಕಣೇ ಇದನ್ನ ಕತ್ತರಿಸಿದ್ದು? ಹೊಲಿಗೆಗೆ ಅಂತ ಒಂದಿಂಚಾದ್ರೂ ಬಿಡೋದು ಬೇಡ್ವಾ? ಭುಜದ ಹತ್ರ ಸೀದಾ ಕತ್ತರಿ ಆಡ್ಸಿದ್ದಾನೆ. ನನ್ನ ಕೈ ಎಲ್ಲಿ?”

“ಯಾವ ಕೈ ಅತ್ತೆ?”

“ಬಲಗೈ! ಕೈಯಲ್ಲಿ ಬೋರ್ಡ್ ಹಿಡ್ದಿದ್ದೆ. ಶೌಚಾಲಯಕ್ಕೆ ಬೀಗ ಹಾಕಿ, ದಿನಕ್ಕೆ ಎರಡೇ ಟೋಕನ್ ಅಂದಿದ್ರು. ಮೂರನೇ ಸಲ ಬಂದ್ರೆ ಹಿಡ್ಕೊಂಡು ಕತ್ತರಿ ಹಿಡೀಬೇಕು. ಹನ್ನೊಂದು ದಿನ ಗೇಟಿನ ಮುಂದೆ ಕೂತಿದ್ವಿ. ನಿನ್ನ ಗಂಡ ಆಗ ಸೊಂಟದ ಮೇಲಿದ್ದ. ಅವನಿಗಾದ್ರೂ ಸ್ವಾತಂತ್ರ್ಯ ಇತ್ತು, ಎಲ್ಲಿ ಬೇಕಾದ್ರೂ ಮಾಡ್ಬೋದಿತ್ತು.”

ಸೊಸೆ ನಕ್ಕಳು. ನಗುತ್ತಲೇ ಆ ಮುಖವನ್ನೇ ಹುಡುಕುತಾಣಕ್ಕೆ ಕೊಟ್ಟು, ಅದು ಬೇರೆಲ್ಲಿದೆ ಎಂದು ಹುಡುಕಿಸಿದಳು. ಅತ್ತೆ ಲೋಕ ಸುತ್ತಿದ್ದರು. ರಕ್ತದೊತ್ತಡದ ಮಾತ್ರೆಯ ಜಾಹೀರಾತಿನಲ್ಲಿದ್ದರು. ‘ಜಗಳಗಂಟಿ ನೆರೆಯವರ ಜೊತೆ ಬಾಳುವುದು ಹೇಗೆ’ ಎಂಬ ಲೇಖನದಲ್ಲಿದ್ದರು. ಮೂರನೆಯದಕ್ಕೆ ಬಂದು ಅವಳು ಓದುವುದನ್ನು ನಿಲ್ಲಿಸಿದಳು.

“ಯಾಕೆ ನಿಲ್ಲಿಸ್ದೆ? ಓದು.”

“ಬೇಡ ಬಿಡಿ ಅತ್ತೆ.”

“ಓದೇ!”

“‘ಅತ್ತೆಯನ್ನು ಪಳಗಿಸಲು ಏಳು ಉಪಾಯ’.”

ಅತ್ತೆ ಕುರ್ಚಿ ಎಳೆದು ಕೂತರು. “ಏಳೂ ಓದ್ದ್ಯಾ?”

“ಎರಡು ಓದ್ದೆ. ಕೆಲಸಕ್ಕೆ ಬರಲ್ಲ.”

ಈ ಸಲ ಅತ್ತೆಯೂ ನಕ್ಕರು. ಆದರೆ ನಗು ಬೇಗ ಆರಿತು. “ನೋಡು, ಸಿಟ್ಟು ಬಂದಿತ್ತು, ಇಲ್ಲ ಅನ್ನಲ್ಲ. ಆದ್ರೆ ಸಿಟ್ಟನ್ನ ಮಾತ್ರ ಇಟ್ಕೊಂಡು, ಯಾಕೆ ಬಂತು ಅನ್ನೋದನ್ನ ಕತ್ತರಿಸಿ ಬಿಸಾಕಿದ್ರೆ ಏನು ಉಳೀತು? ಬಾಯಿಬಡುಕಿ ಉಳಿದ್ಲು. ನಿನ್ನ ನಲವತ್ತು ಮಕ್ಕಳೂ ನನ್ನ ಹಂಗೇ ನೋಡ್ಬೇಕಾ? ನನ್ನ ಕೈ ಹುಡುಕ್ಕೊಡು, ಗೋಡೆ ತುಂಬ ಹಾಕ್ಕೋ. ಇಲ್ದಿದ್ರೆ ಬೇರೆ ಯಾರದ್ದಾದ್ರೂ ಸಿಟ್ಟು ನೋಡ್ಕೋ.”

ಅತ್ತೆಯ ಕೈ ಹುಡುಕುವುದು ಸುಲಭವಿರಲಿಲ್ಲ. ನಕಲಿನ ನಕಲು, ಅದರ ಮರಿನಕಲು. ಒಂದೊಂದರ ತಾರೀಕು ನೋಡುತ್ತ, ಹಳೆಯದರಿಂದ ಇನ್ನೂ ಹಳೆಯದಕ್ಕೆ ಇಳಿಯುತ್ತ, ಭಾನುವಾರ ಬೆಳಿಗ್ಗೆ ಅವಳು ಪತ್ರಿಕೆಯ ನಿವೃತ್ತ ಫೋಟೋಗ್ರಾಫರೊಬ್ಬರ ಪುಟಕ್ಕೆ ಬಂದು ತಲುಪಿದಳು. ಅಲ್ಲಿತ್ತು ಪೂರ್ತಿ ಚಿತ್ರ: ಕಬ್ಬಿಣದ ಗೇಟು, ಏಳು ಹೆಂಗಸರು, ನಡುವೆ ಅತ್ತೆ, ಸೊಂಟದ ಮೇಲೆ ಕೂಸು, ಎತ್ತಿದ ಬಲಗೈಯಲ್ಲಿ ಬೋರ್ಡು: ‘ಶೌಚಾಲಯದ ಬೀಗ ತೆಗೆಯಿರಿ.’ ಕೆಳಗೆ ಷರತ್ತು: ‘ಶಾಲೆಗಳಿಗೆ ಉಚಿತ. ತೆಗೆದವರ ಹೆಸರು ಹಾಕಬೇಕು. ಕತ್ತರಿಸುವಂತಿಲ್ಲ.’

ಅಂದರೆ ‘ಹೇಗೆ ಬೇಕಾದರೂ ಬಳಸಿ’ ಎಂದು ಹಂಚಿದವನಿಗೆ ಹಂಚುವ ಹಕ್ಕೇ ಇರಲಿಲ್ಲ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎನ್ನುವುದನ್ನು ಟೀಚರು ಗಾದೆ ಎಂದುಕೊಂಡಿದ್ದಳು. ಈಗ ಕಣ್ಣಾರೆ ಕಂಡಳು.

ಅತ್ತೆ ಪರದೆಯ ಮೇಲೆ ಬೆರಳಿಟ್ಟು ಏಳು ಜನರನ್ನೂ ಎಣಿಸಿದರು. “ಬೋರ್ಡ್ ಬರ್ದವಳು ಇವಳು. ಬೀಗ ಅನ್ನೋದಕ್ಕೆ ಮಾತ್ರ ಎರಡು ಸಲ ಬಣ್ಣ ಬಳ್ದಿದ್ಲು, ದೂರಕ್ಕೆ ಕಾಣ್ಲಿ ಅಂತ.” ಆಮೇಲೆ ಸುಮ್ಮನೆ ತಮ್ಮ ಬಲಭುಜವನ್ನು ಒತ್ತಿಕೊಂಡರು. “ಹಾಕು. ಪೂರ್ತಿ ಹಾಕು.”

ಸೋಮವಾರ ಪಾಠಕ್ಕೆ ಒಂದು ಗಂಟೆ ಮುಂಚೆ ಸುತ್ತೋಲೆ ಮೇಷ್ಟ್ರು ಸ್ಲೈಡುಗಳನ್ನು ಪರೀಕ್ಷಿಸಿದರು. ಸಂತೋಷ ಪಾಸು. ದುಃಖ ಪಾಸು. ಕೋಪಕ್ಕೆ ಬಂದು, ಕೆಳಗಿನ ಸಾಲು ಓದಿ “ಭೇಷ್” ಅಂದರು. ಆಮೇಲೆ ಬೋರ್ಡು ಓದಿದರು. ಅವರ ಕೈ ತಾನಾಗಿಯೇ ಮೇಜಿನ ಡ್ರಾಯರಿನ ಕಡೆ ಹೋಯಿತು.

ಆಗಲೇ ಟೀಚರಿಗೆ ಹೊಳೆದದ್ದು. ಆ ಡ್ರಾಯರಿನಲ್ಲಿ ಒಂದು ಬೀಗದ ಕೈ ಇತ್ತು. ಕಾರಿಡಾರಿನ ಕೊನೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯ. ಮಕ್ಕಳು ಗಲೀಜು ಮಾಡುತ್ತಾರೆಂದು ಹೋದ ವರ್ಷದಿಂದ ಅದಕ್ಕೆ ಬೀಗ. ಬೇಕಾದವರು ಮೇಷ್ಟ್ರ ಮುಂದೆ ನಿಂತು ಕೇಳಿ ಬೀಗದ ಕೈ ಪಡೆಯಬೇಕು. ಯಾವ ಹುಡುಗಿ ಕೇಳುತ್ತಾಳೆ? ಅವಳ ಕ್ಲಾಸಿನ ಹುಡುಗಿಯರು ಬೆಳಗಿಂದ ಸಂಜೆಯವರೆಗೆ ನೀರೇ ಕುಡಿಯುತ್ತಿರಲಿಲ್ಲ. ಅವಳೂ ದಿನಾ ಆ ಬೀಗದ ಮುಂದೆಯೇ ಹಾದು ಟೀಚರುಗಳ ಶೌಚಾಲಯಕ್ಕೆ ಹೋಗಿ ಬರುತ್ತಿದ್ದಳು. ಕೆನ್ನೆ ಬಿಸಿಯಾಯಿತು.

“ಟೀಚರ್, ಪಾಠ ಕೋಪದ ಬಗ್ಗೆ ತಾನೆ? ಮುಖ ಇದ್ರೆ ಸಾಕಲ್ವಾ? ಈ ಬೋರ್ಡು ಗೀರ್ಡು ಯಾಕೆ? ಸ್ವಲ್ಪ ಕಟ್ ಮಾಡ್ಬಿಡಿ.”

“ಆಗಲ್ಲ ಸರ್.”

“ಆಗಲ್ಲ ಅಂದ್ರೆ?”

“ಕತ್ತರಿಸುವಂತಿಲ್ಲ ಅಂತ ಷರತ್ತಿದೆ ಸರ್. ಅಕ್ಷರಶಃ ಪಾಲಿಸತಕ್ಕದ್ದು ಅಂತ ನೀವೇ...”

“ಗೊತ್ತು, ಗೊತ್ತು. ಹಾಗಾದ್ರೆ ಬೇರೆ ಕೋಪ ಹಾಕಿ.”

“ಬೇರೆ ಕೋಪಕ್ಕೆಲ್ಲ ಅನುಮತಿ ಬೇಕು ಸರ್. ಒಂದು ಗಂಟೇಲಿ ಸಿಗಲ್ಲ. ವಕೀಲರ ಕಾಗದ ಬಂದ್ರೆ ಕಷ್ಟ.” ಅವಳ ಬರುವ ವರ್ಷದ ಕೆಲಸ ಈ ಮೇಜಿನ ಮೇಲೆಯೇ ಇತ್ತು. ಆದರೂ ಲ್ಯಾಪ್‌ಟಾಪಿನಿಂದ ಕೈ ತೆಗೆಯಲಿಲ್ಲ.

“ಯಾರ್ರೀ ಈ ಹೆಂಗಸು?”

“ನಮ್ಮತ್ತೆ ಸರ್. ಇಲ್ಲೇ ಹತ್ರ ಮನೆ. ಕರೆಸ್ಲಾ? ನೀವೇ ಒಂದ್ಮಾತು ಕೇಳಿಬಿಡಿ, ಕತ್ತರಿಸ್ಬೋದಾ ಅಂತ.”

ಮೇಷ್ಟ್ರು ಇನ್ನೊಮ್ಮೆ ಆ ಕತ್ತಿನ ನರ ನೋಡಿದರು. “ಬೇಡ, ಬೇಡ. ಯಾಕೆ ಹಿರಿಯರಿಗೆ ತೊಂದರೆ.”

ಸ್ವಲ್ಪ ಹೊತ್ತಿಗೆ ಡ್ರಾಯರು ಎಳೆದ ಸದ್ದಾಯಿತು. ಆಮೇಲೆ ಕಾರಿಡಾರಿನ ಕೊನೆಯಲ್ಲಿ, ತುಕ್ಕು ಹಿಡಿದ ಬೀಗವೊಂದು ಒಲ್ಲೆ ಒಲ್ಲೆ ಎನ್ನುತ್ತ ಬಾಯಿ ಬಿಟ್ಟಿತು.

ಪಾಠ ಶುರುವಾಯಿತು. ಸಾಹೇಬರು ಹಿಂದಿನ ಬೆಂಚಿನಲ್ಲಿ ಮಂಡಿ ಮಡಿಸಿಕೊಂಡು ಕೂತರು. ಮೇಷ್ಟ್ರು ಬೀಗವನ್ನು ಬೆನ್ನ ಹಿಂದೆ ಹಿಡಿದು ಬಾಗಿಲಲ್ಲಿ ನಿಂತರು. ಗೋಡೆಯ ಮೇಲೆ ಏಳು ಹೆಂಗಸರು ಮೂಡಿದರು.

“ಇವರಿಗೆ ಏನಾಗಿದೆ?”

“ಕೋಪ ಬಂದಿದೆ ಮಿಸ್!”

“ಯಾಕೆ?”

ಮುಂದಿನ ಬೆಂಚಿನವನು ಬೋರ್ಡನ್ನು ಅಕ್ಷರ ಕೂಡಿಸಿ ಓದಿದ. ನಲವತ್ತು ತಲೆಗಳು, ಯಾರೂ ಹೇಳಿಕೊಡದೆ, ಮೇಷ್ಟ್ರ ಕಡೆ ತಿರುಗಿದವು. ಅವುಗಳ ಹಿಂದೆ ಸಾಹೇಬರದೂ ತಿರುಗಿತು.

ಎರಡನೇ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ಮಿಸ್, ಹೋಗಿ ಬರ್ಲಾ?”

ಬಾಗಿಲಲ್ಲಿ ಮೇಷ್ಟ್ರು ಕೆಮ್ಮಿದರು. “ಹೋಗಮ್ಮ. ತೆರೆದೇ ಇದೆ.”

ಅವಳು ಓಡಿದಳು. “ಮಿಸ್, ನಾನು?” “ಮಿಸ್, ನಾನೂ!” ನೋಡನೋಡುತ್ತಿದ್ದಂತೆ ಹನ್ನೆರಡು ಹುಡುಗಿಯರು ಹೊರಗಿದ್ದರು.

“ಏನ್ರೀ ಇದು, ಎಲ್ಲರಿಗೂ ಒಟ್ಟಿಗೆ?” ಎಂದರು ಸಾಹೇಬರು. ಗೋಡೆಯ ಮೇಲಿನ ಬೋರ್ಡು ನೋಡಿದರು, ಮೇಷ್ಟ್ರ ಬೆನ್ನ ಹಿಂದೆ ಅಡಗಿದ್ದ ಕೈ ನೋಡಿದರು. “ಎಷ್ಟು ದಿನದಿಂದ ಬೀಗ ಹಾಕಿದ್ರಿ ಮೇಷ್ಟ್ರೇ?”

“ಸ್ವಚ್ಛತೆಯ ದೃಷ್ಟಿಯಿಂದ, ಸರ್...”

“ದಿನ ಕೇಳ್ದೆ, ದೃಷ್ಟಿ ಅಲ್ಲ. ಕೊಡಿ ಅದನ್ನ ಇಲ್ಲಿ.”

ಬೆನ್ನ ಹಿಂದಿನ ಬೀಗ ಮುಂದೆ ಬಂತು. ಸಾಹೇಬರು ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು, ಟೀಚರ ಬರುವ ವರ್ಷದ ಕೆಲಸದ ಕಾಗದವನ್ನು ಮೊಣಕಾಲ ಮೇಲಿಟ್ಟು ಸಹಿ ಹಾಕಿದರು, “ಮುಂದುವರಿಸಿ” ಅಂದರು.

ಅವಳು ಮುಂದುವರಿಸಲಿಲ್ಲ, ಕಾದಳು. ಹನ್ನೆರಡು ಜನ ಒದ್ದೆ ಕೈ ಒದರುತ್ತ ಬಂದು ಕೂತರು. ಚೀಲದಿಂದ ನೀರಿನ ಬಾಟಲಿ ತೆಗೆದರು. ತಲೆ ಹಿಂದಕ್ಕೆ ವಾಲಿಸಿ, ಗಟಗಟ ಕುಡಿದರು.