ಕೈ ಬಿಟ್ಟ ಮೇಲೂ ಮುಂದಕ್ಕೆ

ಊರಲ್ಲಿ ನಮ್ಮಪ್ಪನಿಗೆ ಇದ್ದ ಹೆಸರು ಉದಾಹರಣೆ ಮೇಷ್ಟ್ರು. ಮೂವತ್ತೆರಡು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು, ನಿವೃತ್ತಿಯಾದ ಮಾರನೆಯ ದಿನವೇ ಇಂಗ್ಲಿಷ್ ಕ್ರಿಯಾಪದಗಳ ನಿಘಂಟಿಗೆ ಕೈ ಹಾಕಿದರು. ಅದರಲ್ಲಿ ಅವರದೊಂದು ಹಟ. ಪ್ರತಿ ಪದಕ್ಕೂ ಒಂದು ಚೀಟಿ, ಚೀಟಿಗೊಂದು ಉದಾಹರಣೆ ವಾಕ್ಯ, ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ. ಆ ವಾಕ್ಯದಲ್ಲಿ ಇರುವುದು ನಮ್ಮ ಮನೆಯಲ್ಲಿ ನಿಜವಾಗಿ ನಡೆದಿರಬೇಕು, ನಡೆಯುತ್ತಿರುವಾಗಲೇ ಅಪ್ಪ ನೋಡಿ ಬರೆದಿರಬೇಕು. ಆಮೇಲೆ ನೆನಪಿಸಿಕೊಂಡು ಬರೆದರೆ ಅದು ಕಟ್ಟುಕತೆಯಂತೆ. ತಾನಾಗಿ ನಡೆಯದಿದ್ದರೆ ನಡೆಸುವುದು. ನಾನೂ ಅಮ್ಮನೂ ಅದಕ್ಕೇ ಇದ್ದೆವು.

"ನನ್ನ ಮದುವೆ ಮಾಡಿಕೊಟ್ಟಿದ್ದು ಉದಾಹರಣೆ ಆಗೋಕೆ" ಎಂದು ಅಮ್ಮ ನಗುತ್ತಿದ್ದಳು. ಮಂಡಿ ಕೈಕೊಟ್ಟು ನಾಲ್ಕು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದಳು. ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ.

ಆ ತಿಂಗಳು ಮುಂದಕ್ಕೆ ತಳ್ಳುವ ಪದಗಳ ಸರದಿ. ಕನ್ನಡದಲ್ಲೇನು ಕಡಿಮೆಯೇ, ತಳ್ಳು, ನೂಕು, ದೂಡು, ದಬ್ಬು, ಅಟ್ಟು. ಯಾವುದಕ್ಕೆ ಯಾವುದು ಜೋಡಿ ಎಂದು ಅಪ್ಪನಿಗೂ ಅಮ್ಮನಿಗೂ ದಿನವಿಡೀ ಜಗಳ. 'ನಡ್ಜ್' ಪದಕ್ಕಾಗಿ ಅಪ್ಪ, ಚಹಾ ಕುಡಿಯುತ್ತಿದ್ದ ಅಮ್ಮನನ್ನು ಮೊಣಕೈಯಿಂದ ತಿವಿದರು. ಆ ಚೀಟಿಯ ಮೇಲೆ ಚಹಾದ ಕಲೆ ಈಗಲೂ ಇದೆ. 'ಡ್ರೈವ್'ಗೆ ನಾನು ಅಡುಗೆಮನೆಯೊಳಗೆ ನುಗ್ಗಿದ ಬೆಕ್ಕನ್ನು ಪೊರಕೆ ಹಿಡಿದು ಹೊರಗೆ ಅಟ್ಟಿದೆ. 'ಅರ್ಜ್'ಗೆ ಯಾರೂ ಏನೂ ಮಾಡಬೇಕಾಗಲಿಲ್ಲ. ಮದುವೆ ಆಗು ಎಂದು ಅಮ್ಮ ನನ್ನ ಪ್ರಾಣ ತಿನ್ನುವುದನ್ನು ಅಪ್ಪ ಪಕ್ಕದಲ್ಲಿ ಕುಳಿತು ಬರೆದುಕೊಂಡರು, ಅಷ್ಟೆ.

ಉಳಿದದ್ದು 'ಪ್ರೊಪೆಲ್'.

"ಪುಷ್ ಅಂದ್ರೆ ಕೈ ಜೊತೆಗೇ ಹೋಗುತ್ತೆ" ಅಪ್ಪ ಹೇಳಿದರು. "ಇದರಲ್ಲಿ ಹಾಗಲ್ಲ. ಕೈ ಬಿಟ್ಟ ಮೇಲೂ ವಸ್ತು ಮುಂದಕ್ಕೆ ಹೋಗ್ತಾ ಇರಬೇಕು. ಏನು ಮಾಡೋದು ಇದಕ್ಕೆ?"

"ನಾನಿಲ್ವೇನ್ರೀ, ಗಾಲಿ ಸಮೇತ" ಅಂದಳು ಅಮ್ಮ.

ನಮ್ಮ ಮನೆಯ ಪಡಸಾಲೆ ಉದ್ದ, ನೆಲ ನುಣುಪು. ಕೊನೆಗೆ ಹಿತ್ತಿಲ ಬಾಗಿಲು, ಹೊಸ್ತಿಲು, ಆಚೆ ಮೂರು ಮೆಟ್ಟಿಲು. ಬೆಳಕಿಗೆಂದು ಬಾಗಿಲು ತೆರೆದಿತ್ತು. ಅಪ್ಪ ಅದರ ಪಕ್ಕ ನಿಂತರು. ಕುರ್ಚಿ ಹತ್ತಿರ ಬರುತ್ತಲೇ ಹಿಡಿದು ನಿಲ್ಲಿಸುವುದು ಅವರ ಕೆಲಸ, ತಳ್ಳಿ ಬಿಡುವುದು ನನ್ನದು.

"ಜೋರಾಗಿ ತಳ್ಳೇ. ಮುದುಕಿ ಅಂತ ಕನಿಕರ ಬೇಡ" ಅಂದಳು ಅಮ್ಮ.

ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ತಳ್ಳಿದೆ. ಕೈ ಬಿಟ್ಟಾಗ ನನಗೆ ಖುಷಿಯಾಗಿತ್ತು. ಅದನ್ನು ಮುಚ್ಚಿಟ್ಟರೆ ನಾನೂ ಕಟ್ಟುಕತೆ ಬರೆದ ಹಾಗೆ. ಅಮ್ಮ ನಗುತ್ತಾ ಹೋದಳು. ಅಪ್ಪನ ತಲೆ ಬಗ್ಗಿತ್ತು. ಚೀಟಿಯನ್ನು ಗೋಡೆಗೆ ಒತ್ತಿ ಹಿಡಿದು ಬರೆಯುತ್ತಿದ್ದರು, ನಡೆಯುತ್ತಿರುವಾಗಲೇ. ಅವರು ಕೈ ಚಾಚುವ ಹೊತ್ತಿಗೆ ಕುರ್ಚಿ ಅವರನ್ನು ದಾಟಿ ಹೊಸ್ತಿಲಿಗೆ ಬಡಿದಿತ್ತು. ಅಮ್ಮ ಮೆಟ್ಟಿಲ ಕೆಳಗೆ ಬಿದ್ದಿದ್ದಳು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಆಮೇಲೆ ಜ್ವರ ಬಂತು, ಉಸಿರಾಟ ಕೆಟ್ಟಿತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಕಣ್ಣು ಬಿಟ್ಟು ಕೇಳಿದಳು, "ರೀ, ಆ ಚೀಟಿ ಬರೆದ್ರಾ?"

"ಇಲ್ಲ ಕಣೇ."

"ಬರೀರಿ. ಇನ್ನೊಂದ್ಸಲ ನನ್ನ ಕೈಲಾಗಲ್ಲ."

ಹನ್ನೊಂದನೆಯ ದಿನ ಹೋದಳು.

ಆಮೇಲೆ ನಾವಿಬ್ಬರೂ ಮಾತು ಬಿಟ್ಟೆವು ಅಂತಲ್ಲ. ಹಾಲು ಬಂತಾ, ಮಾತ್ರೆ ತಗೊಂಡ್ರಾ, ನಲ್ಲಿ ಸೋರುತ್ತಿದೆ, ಇಷ್ಟೇ. ನನಗೆ ಬೇಕಾಗಿದ್ದುದು ಒಂದೇ ಒಂದು ಮಾತು. ಕೊಂದದ್ದು ತಳ್ಳಿದ ನಾನೋ, ಹಿಡಿಯದ ಅವರೋ? ನೀನೇ ಎಂದು ಬೈದಿದ್ದರೂ ಸಾಕಿತ್ತು, ಬೈದವರ ಕಾಲು ಹಿಡಿದು ಅಳಬಹುದಿತ್ತು. ಒಮ್ಮೆ ಧೈರ್ಯ ಮಾಡಿ, "ಅಪ್ಪ, ನಾನು ಅಷ್ಟು ಜೋರಾಗಿ ತಳ್ಳಬಾರದಿತ್ತು ಅಲ್ವಾ?" ಎಂದು ಕೇಳಿದೆ. ಪೇಪರು ಮಡಿಸಿಟ್ಟು ಒಳಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಕುರ್ಚಿ ಪಡಸಾಲೆಯ ಮೂಲೆಯಲ್ಲಿ ಹಳೇ ಸೀರೆ ಹೊದ್ದುಕೊಂಡು ನಿಂತೇ ಇತ್ತು. ಅದನ್ನು ಸರಿಸಬೇಕಾದರೂ ತಳ್ಳಲೇಬೇಕು, ಇಬ್ಬರೂ ಮುಟ್ಟಲಿಲ್ಲ.

ಅವರು ಚೀಟಿಗಳನ್ನು ಯಾವಾಗ ಪ್ರಕಾಶಕರಿಗೆ ಕಳಿಸಿದರೋ ಗೊತ್ತಾಗಲಿಲ್ಲ. ಎಂಟು ತಿಂಗಳ ಮೇಲೆ ಪ್ರೂಫು ಬಂತು, ಜೊತೆಗೆ ಚೀಟಿಗಳ ಪೆಟ್ಟಿಗೆಯೂ ವಾಪಸು ಬಂತು. ತಾಳೆ ನೋಡಿ ತಿದ್ದುವುದು ಮೊದಲಿಂದಲೂ ನನ್ನ ಪಾಲಿನ ಕೆಲಸ. ಊಟದ ಮೇಜಿನ ಆ ಕಡೆ ಅಪ್ಪ, ಈ ಕಡೆ ಕೆಂಪು ಪೆನ್ನು ಹಿಡಿದು ನಾನು. ಅವರು ಒಂದೊಂದೇ ಹಾಳೆ ಕೊಡುತ್ತಿದ್ದರು.

'ಪ್ರೊಪೆಲ್' ಚೀಟಿ ಬಂತು. ಮೇಲೆ ಆ ದಿನದ ಅರ್ಧ ಸಾಲು, 'ನನ್ನ ಮಗಳು ಕುರ್ಚಿಯನ್ನು' ಎಂಬಷ್ಟು. ಅಲ್ಲಿಂದ ಪೆನ್ನಿನ ಗೆರೆ ಚೀಟಿಯ ಅಂಚಿನವರೆಗೂ ಜಾರಿಹೋಗಿತ್ತು. ಅದನ್ನು ಹೊಡೆದುಹಾಕಿ, ಕೆಳಗೆ ಬೇರೆ ವಾಕ್ಯ ಬರೆದಿದ್ದರು. ಪ್ರೂಫಿನಲ್ಲಿ ಅಚ್ಚಾಗಿದ್ದದ್ದೂ ಅದೇ. ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಕನ್ನಡ: 'ನಾನು ನನ್ನ ಹೆಂಡತಿಯ ಕುರ್ಚಿಯನ್ನು ಬಲವಾಗಿ ತಳ್ಳಿ ಕೈ ಬಿಟ್ಟೆ. ಹಿಡಿಯಲು ಯಾರೂ ಇರಲಿಲ್ಲ.'

ಮತ್ತೆ ಮತ್ತೆ ಓದಿದೆ. ನಾಲ್ಕು ಸಾವಿರ ಚೀಟಿಗಳಲ್ಲಿ ಒಂದೇ ಒಂದು ಸುಳ್ಳು. ಅವರು ಬರೆದ ಪಡಸಾಲೆಯಲ್ಲಿ ನಾನು ಇರಲೇ ಇಲ್ಲ. ನನ್ನ ಪಾಲಿನ ತಪ್ಪನ್ನೂ ಬಾಚಿಕೊಂಡು ಅವರೊಬ್ಬರೇ ಹೊತ್ತುಕೊಂಡಿದ್ದರು. ನನಗೆ ಒಂದು ಚೂರೂ ಹಗುರವಾಗಲಿಲ್ಲ. ಇನ್ನು ಜಗಳವಾಡಲು ಯಾರೂ ಇಲ್ಲ, ಕ್ಷಮಿಸಿ ಎನ್ನಲು ಯಾರೂ ಇಲ್ಲ, ಅಮ್ಮನಂತೂ ಇಲ್ಲವೇ ಇಲ್ಲ.

ಅಪ್ಪ ನನ್ನ ಮುಖ ನೋಡದೆ ಕೇಳಿದರು, "ಆ ಪುಟದಲ್ಲಿ ತಪ್ಪೇನಾದ್ರೂ ಇದೆಯೇನಮ್ಮ?"

ಪೆನ್ನು ಹಾಳೆಯ ಮೇಲೇ ಇತ್ತು.

"ಇಲ್ಲಪ್ಪ. ಸರಿಯಾಗಿದೆ."

"ಹ್ಞೂ" ಅಂದರು. ಮುಂದಿನ ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಅದು ನನ್ನ ಬೆರಳಿಗೆ ತಾಗುವವರೆಗೂ ಕೈ ಬಿಡಲಿಲ್ಲ.