ಆರನೆಯ ಕುರ್ಚಿ

"ಬೆನ್ನು ಹಿಡೀಬೇಡಪ್ಪಾ, ಸೀಟಿನ ಕೆಳಗೆ ಕೈ ಕೊಟ್ಟು ಎತ್ತು!" ಎಂದು ಟೀಚರಮ್ಮ ಕೂಗಿ, ಸಾವಿನ ಮನೆಯ ಮುಂದೆ ಕೂಗಿದೆನಲ್ಲಾ ಎಂದು ನಾಲಿಗೆ ಕಚ್ಚಿಕೊಂಡರು. ಡ್ರೈವರು ವ್ಯಾನಿನಿಂದ ಬೆತ್ತದ ಸೀಟಿನ ಹಳೇ ತೇಗದ ಕುರ್ಚಿಗಳನ್ನು ಒಂದೊಂದಾಗಿ ಇಳಿಸಿ ಅಂಗಳದಲ್ಲಿ ಸಾಲಾಗಿ ಇಟ್ಟ. ಒಟ್ಟು ಆರು.

ಒಳಗೆ ಮುಂದಿನ ಕೋಣೆಯಲ್ಲಿ ಮೇಸ್ತ್ರಿಯನ್ನು ಮಲಗಿಸಿದ್ದರು. ಬಾಗಿಲಿಗೊರಗಿ ನಿಂತ ಮಗಳಿಗೆ ನಾಚಿಕೆಯಾಯಿತು. ಜೀವಮಾನವಿಡೀ ಕಂಡವರ ಕುರ್ಚಿ ರಿಪೇರಿ ಮಾಡಿದವನ ಮನೆಯಲ್ಲಿ, ಬಂದವರನ್ನು ಕೂರಿಸಲು ನೆಟ್ಟಗಿನ ಕುರ್ಚಿ ಒಂದೂ ಇರಲಿಲ್ಲ.

"ಈ ಸೆಟ್ಟು ಇವತ್ತು ಬೆಳಿಗ್ಗೆ ಬೇರೆಯವರ ಮನೆಗೆ ಹೊರಟಿತ್ತು ಕಣೇ," ಎಂದರು ಟೀಚರಮ್ಮ. "ಸುದ್ದಿ ಗೊತ್ತಾಯ್ತು, ವ್ಯಾನು ಈ ಕಡೆ ತಿರುಗಿಸ್ದೆ. ಬಂದವರು ಕೂತ್ಕೊಳ್ಳಲಿ. ಸಂಜೆ ಹೋದ್ರಾಯ್ತು."

ಟೀಚರಮ್ಮನಿಗೆ ಹಳೇ ಸಾಮಾನಿನ ಹುಚ್ಚು. ಮದುವೆಯಿಲ್ಲ, ಮಕ್ಕಳಿಲ್ಲ, ವರ್ಷಕ್ಕೊಂದು ಸಾಮಾನು ಮನೆಗೆ ಬರುತ್ತಿತ್ತು. ಮಚ್ಚೆಬಿದ್ದ ಕನ್ನಡಿಯ ಮೇಜು, ನಿಂತುಹೋದ ಗೋಡೆ ಗಡಿಯಾರ, ಕತ್ತು ಬಿರುಕುಬಿಟ್ಟ ಪಿಂಗಾಣಿ ಹೂದಾನಿ. ಮರದ್ದಾದರೆ ಮೊದಲು ಮೇಸ್ತ್ರಿಯ ಶೆಡ್ಡಿಗೆ, ಆಮೇಲೆ ಅವರ ಮನೆಗೆ. ಈಗ ತಂಗಿಯ ಎರಡು ಕೋಣೆಯ ಮನೆ ಸೇರಬೇಕಾಗಿ ಬಂದು, ಎಲ್ಲವೂ ಒಂದೊಂದಾಗಿ ಬೇರೆಯವರ ಪಾಲಾಗುತ್ತಿದ್ದವು.

ಅವರು ಮಗಳನ್ನು ಪಕ್ಕಕ್ಕೆ ಕರೆದರು. "ನನಗೆ ಸಿಕ್ಕಾಗ ಇವು ಐದೇ ಇದ್ದದ್ದು. ಆರನೇದನ್ನ ನಿಮ್ಮಪ್ಪ ಮಾಡಿದ್ದು. ಆರೂ ಒಟ್ಟಿಗೆ ತಂದಿಟ್ಟು, 'ನಂದು ಯಾವ್ದು ಹೇಳಿ ನೋಡೋಣ' ಅಂದ. ಇಪ್ಪತ್ತು ವರ್ಷದಿಂದ ಕೇಳ್ತಾನೇ ಇದೀನಿ. 'ನೀವು ಕಂಡುಹಿಡಿದ್ರೆ ನಾನು ಸೋತ ಹಾಗೆ ಟೀಚರಮ್ಮ' ಅಂತ ನಗೋನು. ಅದೊಂದು ನಿನ್ ಹತ್ರ ಇರಲಿ ಮಗಳೇ. ತಗೊಳ್ಳೋರಿಗೂ ಹೇಳಿದೀನಿ, ಐದಾದ್ರೂ ಸರಿ ಅಂದಿದಾರೆ. ಯಾವ್ದು ಅಂತ ನಿನಗೆ ಗೊತ್ತಿರುತ್ತಲ್ಲ?"

ಮಗಳು ಕುರ್ಚಿಗಳನ್ನು ನೋಡಿದಳು. ಆರೂ ಒಂದೇ ತಾಯಿಯ ಮಕ್ಕಳಂತೆ ಕೂತಿದ್ದವು.

"ಗೊತ್ತಿಲ್ಲ ಟೀಚರಮ್ಮ," ಎಂದಳು. ಒಂದೇ ಸೂರಿನಡಿ ಇಷ್ಟು ವರ್ಷ ಬದುಕಿ, ಅಪ್ಪನ ಕೈಕೆಲಸ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ.

*

ಶಾಲೆಯಲ್ಲಿ ಅವಳನ್ನು 'ತೇಪೆ ಮೇಸ್ತ್ರಿ ಮಗಳು' ಎನ್ನುತ್ತಿದ್ದರು. ಊರೆಲ್ಲ ಅಪ್ಪನನ್ನು ಕರೆಯುತ್ತಿದ್ದದ್ದೇ ಹಾಗೆ. ಮುರಿದ ಕಾಲು, ಸಡಿಲಾದ ಕೂಡು, ಹುಳ ತಿಂದ ಮೂಲೆ ಇವೇ ಅವನ ಪಾಲಿನ ಕೆಲಸ.

"ನೀನ್ಯಾಕಪ್ಪಾ ಹೊಸದೇನೂ ಮಾಡಲ್ಲ?" ಎಂದು ಒಮ್ಮೆ ರೇಗಿದ್ದಳು.

"ಹೊಸದು ಯಾರು ಬೇಕಾದ್ರೂ ಮಾಡ್ತಾರೆ," ಎಂದಿದ್ದ ಅಪ್ಪ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ. "ತೇಪೆ ಹಾಕಿದ್ದು ಗೊತ್ತಾಗ್ಬಾರ್ದು. ಅದೇ ಕಷ್ಟ."

ಆಫೀಸಿನಲ್ಲಿ ಅಪ್ಪನ ಕೆಲಸ ಏನೆಂದು ಯಾರಾದರೂ ಕೇಳಿದರೆ, "ಫರ್ನಿಚರ್" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು.

*

ಮಧ್ಯಾಹ್ನ ಸ್ಮಶಾನದಲ್ಲಿ ಎಲ್ಲ ಮುಗಿಸಿ ಬಂದರು. ಚಹಾದ ಲೋಟ ಹಿಡಿದವರ ಬಾಯಲ್ಲಿ ಕುರ್ಚಿಯ ಸುದ್ದಿ ಹೇಗೋ ಹರಡಿತ್ತು. ಮರಕ್ಕೆ ಪಾಲಿಶ್ ಹಾಕುವ ಪಾಲಿಶ್ ಮಾಮನಿಗೂ ಬೀದಿಯ ಗುಜರಿಯವನಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಇಬ್ಬರೂ ಕನ್ನಡಕ ಏರಿಸಿಕೊಂಡು ಕುರ್ಚಿಗಳನ್ನು ಬೋರಲು ಹಾಕತೊಡಗಿದರು.

"ಇದೇ," ಎಂದ ಗುಜರಿಯವನು. "ಕೂಡು ನೋಡಿ, ಎಷ್ಟು ಬಿಗಿ ಇದೆ."

"ನಿನ್ ತಲೆ. ತೂಕದ ಕಲ್ಲು ನೋಡೋ ಕಣ್ಣಲ್ಲಿ ಮರ ನೋಡಿದ್ರೆ ಹಿಂಗೇ ಆಗೋದು. ಅದು ಅಜ್ಜನ ಕಾಲದ್ದು. ಇದು ನೋಡು, ಇದು ಅವನದ್ದು."

"ಇದರ ತುಂಬ ಹುಳದ ತೂತು ಇದೆಯಲ್ಲಯ್ಯಾ!"

"ಸೂಜಿಯಲ್ಲಿ ಚುಚ್ಚಿರ್ತಾನೆ, ಕಳ್ಳ."

"ಹುಳ ಏನು ನೆಟ್ಟಗೆ ಗೆರೆ ಎಳೆದ ಹಾಗೆ ತಿನ್ನುತ್ತಾ? ಸೊಟ್ಟ ಇದೆ, ನೋಡು!"

"ಅವನಿಗೆ ಸೊಟ್ಟ ಚುಚ್ಚೋಕೆ ಬರಲ್ವಾ?"

ಯಾರೋ ನಕ್ಕುಬಿಟ್ಟರು, ಆಮೇಲೆ ಕೆಮ್ಮಿದರು. ಮೇಸ್ತ್ರಿಯ ತಂಗಿ, ಅತ್ತೆ, ಮಾತ್ರ ತಮ್ಮ ಕುರ್ಚಿಯಿಂದ ಏಳಲಿಲ್ಲ. "ಅಣ್ಣ ಹೋದ ದಿನ ನನ್ನನ್ನ ಬೋರಲು ಹಾಕ್ತೀರಾ? ನಾನು ಕೂತಿರೋದೇ ಅವನದ್ದು ಅನ್ಕೊಳ್ಳಿ, ಬಿಡಿ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಕೊನೆಗೆ ಪಾಲಿಶ್ ಮಾಮ ಸೊಂಟ ಹಿಡಿದುಕೊಂಡು ನೆಟ್ಟಗಾದ. ತೇಪೆ ಮೇಸ್ತ್ರಿಯನ್ನು ಸಾಯುವವರೆಗೂ ಗೇಲಿ ಮಾಡಿದವನು ಅವನೇ.

"ನಲವತ್ತು ವರ್ಷ ಮರ ಉಜ್ಜಿದೀನಿ. ನನ್ನ ಕಣ್ಣಿಗೇ ಮಣ್ಣೆರಚಿದಾನೆ." ಬೋರಲಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, "ದೊಡ್ಡ ಮೇಸ್ತ್ರಿ ಕಣ್ರೋ," ಎಂದ.

ಆ ಮಾತನ್ನು ಮಗಳು ಇದೇ ಮೊದಲ ಸಲ ಕೇಳಿದ್ದು. ಅತ್ತೆಯ ಲೋಟ ಕೈಜಾರಿ ಕುರ್ಚಿಯ ಕೆಳಗೆ ಉರುಳಿತು. ಎತ್ತಿಕೊಡಲು ಬಗ್ಗಿದ ಮಗಳು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

ಮುಂಗಾಲುಗಳ ನಡುವಿನ ಅಡ್ಡಪಟ್ಟಿ ಸವೆದಿತ್ತು. ಉಳಿದ ಕುರ್ಚಿಗಳಲ್ಲಿ ಪಟ್ಟಿ ಸವೆದದ್ದು ನಟ್ಟನಡುವೆ, ಎರಡೂ ಪಾದ ಊರುವಲ್ಲಿ. ಇದು ಎಡಗಡೆ ಮಾತ್ರ ಸವೆದಿತ್ತು. ಪುಟ್ಟದೊಂದು ಹಳ್ಳ, ಹಿಮ್ಮಡಿಯಷ್ಟು ಅಗಲ.

*

ಎಂಟು ವರ್ಷದವಳಿದ್ದಾಗ ಶಾಲೆ ಬಿಟ್ಟೊಡನೆ ಶೆಡ್ಡಿಗೆ ಹೋಗುತ್ತಿದ್ದಳು. "ಹೊರಗಿನ ಮರಳಲ್ಲಿ ಕಾಲು ಅದ್ದಿಕೊಂಡು ಬಾ," ಎನ್ನುತ್ತಿದ್ದ ಅಪ್ಪ. ಯಾರದೋ ರಿಪೇರಿಗೆ ಬಂದದ್ದೆಂದು ಅವಳು ತಿಳಿದಿದ್ದ ಒಂದು ಕುರ್ಚಿಯ ಮೇಲೆ ಕೂರಿಸಿ, "ಕಾಲು ಆಡಿಸ್ತಾ ಓದು. ಪಟ್ಟಿ ಮೇಲೆ ಜೋರಾಗಿ ಉಜ್ಜು," ಎನ್ನುತ್ತಿದ್ದ. ಮನೆಯಲ್ಲಿ ಕಾಲು ಆಡಿಸಿದರೆ ಬೈಗುಳ, ಇಲ್ಲಿ ಅದೇ ಕೆಲಸ! ಅವಳಿಗೆ ಖುಷಿಯೋ ಖುಷಿ. ಮಳೆಗಾಲ ಪೂರ್ತಿ ಉಜ್ಜಿದಳು, ಮಗ್ಗಿಯೆಲ್ಲ ಬಾಯಿಪಾಠವಾಗುವವರೆಗೆ.

ಆದರೆ ಬಲಗಾಲು ಮಡಚಿ ಅದರ ಮೇಲೆ ಕೂರುವುದು ಅವಳ ಚಾಳಿ.

"ಎರಡೂ ಕಾಲು ಬಿಡೇ, ಕತ್ತೆ."

"ಬಿಡಲ್ಲ."

ಅಪ್ಪ ಮತ್ತೆ ಹೇಳಲಿಲ್ಲ. ಇನ್ನೊಂದು ಪಕ್ಕವನ್ನೂ ಸವೆಸಿ ಸರಿಮಾಡಲು ಅವನಿಗೆ ಒಂದು ಅರ, ಹತ್ತು ನಿಮಿಷ ಸಾಕಿತ್ತು. ಆದರೂ ಹಾಗೇ ಬಿಟ್ಟಿದ್ದ.

*

"ಏನೇ, ಲೋಟ ಸಿಗಲಿಲ್ವಾ?" ಎಂದರು ಅತ್ತೆ.

"ಸಿಕ್ತು ಅತ್ತೆ."

ವ್ಯಾನಿನವನು ಎರಡು ಸಲ ಹಾರನ್ ಮಾಡಿದ. ಅತ್ತೆ ಎದ್ದರು. ಟೀಚರಮ್ಮ ಹತ್ತಿರ ಬಂದು ಅವಳ ಭುಜ ಹಿಡಿದರು. "ನೋಡಿದ್ಯಾ ಮಗಳೇ? ಏನಾದ್ರೂ ಗೊತ್ತಾಯ್ತಾ? ಇನ್ನು ಹೊತ್ತಿಲ್ಲ."

ಮಗಳ ಕೈ ಆ ಕುರ್ಚಿಯ ಬೆನ್ನಿನ ಮೇಲೇ ಇತ್ತು. ಅಂಗಳದಲ್ಲಿ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಪಾಲಿಶ್ ಮಾಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. 'ಇದು' ಎಂಬ ಎರಡಕ್ಷರ ನಾಲಿಗೆಯ ತುದಿಗೆ ಬಂದು ಕೂತಿತು.

"ಇಲ್ಲ ಟೀಚರಮ್ಮ," ಎಂದಳು. "ಯಾವುದೂ ಗೊತ್ತಾಗ್ತಿಲ್ಲ."

ಟೀಚರಮ್ಮ ಸ್ವಲ್ಪ ಹೊತ್ತು ಅವಳ ಮುಖ ನೋಡಿದರು. ಆಮೇಲೆ ನಗಲು ಹೋಗಿ ಅತ್ತುಬಿಟ್ಟರು. "ಹಾಗಾದ್ರೆ ಅವನೇ ಗೆದ್ದ, ಮುದುಕ."

"ಹೂಂ."

ಆ ಒಂದನ್ನು ಅವಳೇ ಎತ್ತಿದಳು, ಸೀಟಿನ ಕೆಳಗೆ ಕೈ ಕೊಟ್ಟು. ಎಣಿಸಿದ್ದಕ್ಕಿಂತ ಹಗುರವಿತ್ತು. ಡ್ರೈವರು ಅವಳ ಕೈಯಿಂದ ತೆಗೆದುಕೊಂಡು, ಉಳಿದವುಗಳ ನಡುವೆ ತಲೆಕೆಳಗಾಗಿ ಜೋಡಿಸಿ ಹಗ್ಗ ಬಿಗಿದ. ವ್ಯಾನು ಹೊರಟಿತು. ಹಿಂಬದಿಯಲ್ಲಿ ಇಪ್ಪತ್ನಾಲ್ಕು ಕಾಲುಗಳು ಆಕಾಶ ನೋಡುತ್ತಿದ್ದವು. ಎಡದಿಂದ ಮೂರನೆಯದು, ಎಂದು ಅವಳು ಕಣ್ಣಿಟ್ಟುಕೊಂಡೇ ನಿಂತಳು. ಬೀದಿಯ ಗುಂಡಿಯೊಂದಕ್ಕೆ ಚಕ್ರ ಇಳಿದು ಕುರ್ಚಿಗಳೆಲ್ಲ ಒಮ್ಮೆ ಅಲುಗಾಡಿದವು. ಆಮೇಲೆ ಅದು ಯಾವುದೆಂದು ಅವಳಿಗೂ ಗೊತ್ತಾಗಲಿಲ್ಲ.